ವಾಲಿಸಿದ ಮಾತ್ರಕ್ಕೆ ಇಟಾಲಿಕ್ ಆಗದು

ಉತ್ತರಹಳ್ಳಿ ಮುಖ್ಯರಸ್ತೆಯಲ್ಲಿ ಹೊಸದಾಗಿ ತೆರೆದ ಕೆಫೆಯೊಂದರ ಬೋರ್ಡು ನೋಡುತ್ತ ನಿಂತಿದ್ದೆ. ಇಂಗ್ಲಿಷ್ ಹೆಸರು ತೆಳ್ಳಗೆ, ಎತ್ತರವಾಗಿ, ಬಲಕ್ಕೆ ಬಾಗಿದ ಸೆರಿಫ್ ಅಕ್ಷರಗಳಲ್ಲಿದೆ. ಇನ್‌ಸ್ಟ್ರುಮೆಂಟ್ ಸೆರಿಫ್ ಇಟಾಲಿಕ್ ಎಂಬ ಈಗಿನ ಫ್ಯಾಷನ್ನಿನ ಫಾಂಟಿನ ಜಾತಿಯದು. ಅದರ ಮೇಲೆ ಕನ್ನಡ. ಅದೂ ತೆಳ್ಳಗಿದೆ, ಅದೂ ವಾಲಿದೆ. ಆದರೆ ಅದನ್ನು ಯಾರೂ ಬರೆದಿಲ್ಲ. ಕೈಗೆ ಸಿಕ್ಕ ಫಾಂಟನ್ನು ಎರಡೂ ಕಡೆಯಿಂದ ಹಿಂಡಿ, ತಲೆಯನ್ನು ಬಲಕ್ಕೆ ತಳ್ಳಿದ್ದಾರೆ.

2024ರ ತಿದ್ದುಪಡಿ ಕಾಯ್ದೆಯ ಪ್ರಕಾರ ನಾಮಫಲಕದ ಶೇ 60ರಷ್ಟು ಕನ್ನಡವಿರಬೇಕು. ಟೇಪು ಹಿಡಿದು ಅಳೆದರೆ ಈ ಬೋರ್ಡು ಪಾಸು. ನನ್ನ ಜಗಳ ಇಲ್ಲೇ. ಜಾಗ ಸಿಕ್ಕಿತೆಂದು ಗೆದ್ದವರಂತೆ ಮನೆಗೆ ಹೋಗುವ ನಾವು ಆ ಜಾಗದಲ್ಲಿ ಏನು ಕೂತಿದೆ ಎಂದು ತಿರುಗಿಯೂ ನೋಡುವುದಿಲ್ಲ.

ಇಟಾಲಿಕ್ ಎಂದರೆ ವಾಲಿದ ಅಕ್ಷರವಲ್ಲ, ಬೇರೆಯದೇ ಒಂದು ಬರವಣಿಗೆ. 1501ರಲ್ಲಿ ವೆನಿಸ್‌ನ ಆಲ್ಡಸ್ ಮನೂಷಿಯಸ್ ವರ್ಜಿಲನ ಕಾವ್ಯವನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿದ. ಅದಕ್ಕೆ ಫ್ರಾನ್ಚೆಸ್ಕೊ ಗ್ರಿಫೊ ಕೊರೆದುಕೊಟ್ಟ ಮೊಳೆಗಳು ಅಂದಿನ ವಿದ್ವಾಂಸರ ವೇಗದ ಕೈಬರಹವನ್ನು ಅನುಸರಿಸಿದ್ದವು. ಅದಕ್ಕೇ ಇಂದಿಗೂ ರೋಮನ್‌ನ ಎರಡಂತಸ್ತಿನ ಸಣ್ಣ ‘ಎ’ ಇಟಾಲಿಕ್‌ನಲ್ಲಿ ಸಾಮಾನ್ಯವಾಗಿ ಒಂದಂತಸ್ತಿಗೆ ಇಳಿಯುತ್ತದೆ. ಆಕಾರವೇ ಬದಲಾಗುತ್ತದೆ.

ನಮಗೆ ಸಿಕ್ಕಿರುವುದು ಬರೀ ಬಟನ್ನು. ಅದನ್ನೊತ್ತಿ ‘ಲಕ್ಷ್ಮಿ’ ಎಂದು ಬರೆದು ನೋಡಿ: ಗುಡಿಸು ಬಲಕ್ಕೆ ಓಡುತ್ತದೆ, ಕೆಳಗಿನ ಒತ್ತುಗಳು ಎಡಕ್ಕೆ ಜಾರುತ್ತವೆ, ಅಕ್ಷರ ಮಧ್ಯದಲ್ಲಿ ಸೊಂಟ ಉಳುಕಿದವರಂತೆ ನಿಂತಿರುತ್ತದೆ. ಹಿಂಡುವುದು ಇನ್ನೂ ಅಪಾಯ. ಅಡ್ಡಲಾಗಿ ಕುಗ್ಗಿಸಿದಾಗ ನಿಂತ ಗೆರೆಗಳು ಸಣಕಲಾಗುತ್ತವೆ, ಮಲಗಿದ ಗೆರೆಗಳು ದಪ್ಪಗೇ ಉಳಿಯುತ್ತವೆ. ಮಹಾಪ್ರಾಣದ ಸೀಳು ನಿಂತ ಗೆರೆ. ಅದು ಮಾಯವಾದರೆ ‘ಧನಲಕ್ಷ್ಮಿ’ ಹೋಗಿ ‘ದನಲಕ್ಷ್ಮಿ’. (ಅಂಗಡಿ ಹಾಲಿನದಾದರೆ ಅಡ್ಡಿಯಿಲ್ಲ.)

ಕನ್ನಡ ದುಂಡು ಲಿಪಿ, ತೆಳ್ಳಗಾಗದು ಎಂದು ಡಿಸೈನ್ ಓದಿದ ಗೆಳೆಯರು ಹೇಳುತ್ತಾರೆ. ಒಪ್ಪುವುದಿಲ್ಲ. ಇದೇ ರಸ್ತೆಯ ಹಳೆಯ ಷಟರ್‌ಗಳ ಮೇಲೆ ಕುಂಚದಲ್ಲಿ ಬರೆದ ಅಕ್ಷರಗಳಿವೆ. ಜಾಗ ಕಿರಿದಾದರೆ ಪೇಂಟರ್ ಹೊಟ್ಟೆಯನ್ನು ಒಳಗೆಳೆಯುತ್ತಾನೆ, ಒತ್ತನ್ನು ಚಿಕ್ಕದು ಮಾಡಿ ಪಕ್ಕಕ್ಕೆ ಸಿಕ್ಕಿಸುತ್ತಾನೆ, ಗೆರೆಯ ದಪ್ಪವನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಅವನ ತಲೆಕಟ್ಟು ಸೆರಿಫ್‌ನಂಥ ಅಲಂಕಾರವೂ ಅಲ್ಲ. ಸೆರಿಫ್ ತೆಗೆದರೆ ಇಂಗ್ಲಿಷ್ ಅಕ್ಷರ ಅದೇ ಇರುತ್ತದೆ, ತಲೆಕಟ್ಟು ಹೋದರೆ ‘ಕ’ ಕ ಆಗಿ ಉಳಿಯುವುದಿಲ್ಲ. ಈ ತಿಳಿವಳಿಕೆಯಿಂದ ಫಾಂಟು ಹುಟ್ಟಬೇಕು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ‘ಅಕಾಯ ಕನಡಕ’ ಶೀರ್ಷಿಕೆಗೆಂದೇ ಬಿಡಿಸಿದ ಅಕ್ಷರ, ಉಚಿತವಾಗಿ ಸಿಗುತ್ತದೆ. ತೆಳ್ಳನೆಯ, ಬಾಗಿದ, ಗೆರೆಯ ಏರಿಳಿತವಿರುವ ಇನ್ನೊಂದನ್ನು ಬಿಡಿಸಲು ಬೇಕಾದದ್ದು ಸಮಯ, ಸಂಬಳ. ಸಮ್ಮೇಳನಗಳ ಹಾರ ತುರಾಯಿ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ಕೊಡಲಿ.

ಬೋರ್ಡಿನವರನ್ನಷ್ಟೇ ಬೈದರೆ ನನ್ನದು ಬೂಟಾಟಿಕೆ. ನನ್ನ ಮಹಾಪ್ರಬಂಧದ ನಮೂನೆಯೂ ಕೃತಿಗಳ ಹೆಸರು ಇಟಾಲಿಕ್‌ನಲ್ಲಿರಬೇಕು ಎನ್ನುತ್ತದೆ. ಇಂಗ್ಲಿಷಿನ ನಿಯಮ, ಕನ್ನಡದ ಪ್ರಬಂಧ. ಮೂರು ವರ್ಷ ನಾನೂ ಬಟನ್ನು ಒತ್ತುತ್ತಲೇ ಬಂದೆ. ಕಳೆದ ವಾರ ಕೂತು ಎಲ್ಲ ಹೆಸರುಗಳನ್ನೂ ನೆಟ್ಟಗೆ ನಿಲ್ಲಿಸಿ, ನಮ್ಮ ಹಳೆಯ ಪುಸ್ತಕಗಳಂತೆ ಒಂಟಿ ಉದ್ಧರಣ ಚಿಹ್ನೆ ಹಾಕಿದೆ. ನಮೂನೆಯಲ್ಲಿಲ್ಲ ಎಂದು ವಾಪಸ್ ಬಂದರೆ ಹಾಗೆಯೇ ಮತ್ತೆ ಕಳಿಸುತ್ತೇನೆ.