ಆಟದ ಬಯಲಿಗೆ ಒಡೆಯರು ಯಾರು?

ನಮ್ಮ ಹಳ್ಳಿಗಳಲ್ಲಿ ಆಟದ ಬಯಲು ಯಾರೊಬ್ಬರ ಸ್ವತ್ತೂ ಅಲ್ಲ. ಗುಡಿಯ ಹಾಸುಗಲ್ಲಿನ ಮೇಲೆ ಎಂದೋ ಯಾರೋ ಕೊರೆದಿಟ್ಟ ಹುಲಿ-ಕುರಿಯ ಮನೆಯಲ್ಲಿ ನಾಲ್ಕು ಹರಳು ತಂದು ಕುಳಿತವನೇ ಆಟಗಾರ. ಇಂದಿನ ತರುಣರ ಬಯಲಾದರೋ ಟೆಲಿವಿಷನ್ನಿನ ಗಾಜಿನ ಹಿಂದಕ್ಕೆ ಸರಿದಿದೆ. ಅದಕ್ಕೆ ಒಡೆಯರಿದ್ದಾರೆ, ಬಾಗಿಲಿದೆ, ಬಾಗಿಲಲ್ಲಿ ಸುಂಕವೂ ಇದೆ. ಈ ಒಡೆಯರ ಪೈಪೋಟಿಯನ್ನು ಬರಿಯ ಹುಡುಗಾಟವೆಂದು ಹಿರಿಯರು ತಳ್ಳಿಹಾಕುವುದು ಯೋಗ್ಯವಲ್ಲವೆಂದು ನನ್ನ ಎಣಿಕೆ.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, ೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಹಲವು ರಾಜ್ಯಗಳ ವಿದ್ಯಾರ್ಥಿಗಳು ಅಲ್ಲಿ ಓದುತ್ತಾರೆ. ಅವರಲ್ಲೊಬ್ಬನು ದೂರದ ಊರಿನಲ್ಲಿರುವ ಅಣ್ಣನೊಡನೆ ಫುಟ್‌ಬಾಲ್ ಆಟವಾಡಬಯಸಿದನೆನ್ನಿ. ಅವನಿಗೆ ಎದುರಾಗುವ ಮೊದಲ ಪ್ರಶ್ನೆ ಊರಿನ ದೂರದ್ದಲ್ಲ, ಯಂತ್ರದ ಕುಲದ್ದು. ನಿನ್ನದು ಪ್ಲೇಸ್ಟೇಷನ್ನೋ, ಎಕ್ಸ್‌ಬಾಕ್ಸೋ? ಕುಲ ಕೇಳಬಾರದೆಂದು ಸಾರಿದ ಶರಣರ ನಾಡಿನಲ್ಲಿ ಇದೊಂದು ವಿಚಿತ್ರವೇ ಸರಿ.

ಈ ಕುಲಭೇದದ ಚರಿತ್ರೆ ದೀರ್ಘವಾದುದೇನಲ್ಲ. ೧೯೯೮ರಲ್ಲಿ ಸೆಗಾ ಸಂಸ್ಥೆಯು ಡ್ರೀಮ್‌ಕಾಸ್ಟ್ ಯಂತ್ರದೊಡನೆಯೇ ಮೋಡೆಮ್ ಕೊಟ್ಟಿತು. ಆದರೆ ೨೦೦೧ರಲ್ಲಿ ಆ ಯಂತ್ರದ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ಮೈಕ್ರೋಸಾಫ್ಟ್ ೨೦೦೨ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಲೈವ್ ತೆರೆಯಿತು: ಎಲ್ಲ ಆಟಕ್ಕೂ ಒಂದೇ ಹೆಸರು, ಆಡುತ್ತಲೇ ಮಾತುಕತೆ, ಅದಕ್ಕೆ ವರ್ಷದ ಚಂದಾ. ಸೋನಿಯ ಎರಡನೆಯ ಪ್ಲೇಸ್ಟೇಷನ್ನಿಗೆ ಜಾಲದ ಜೋಡಣೆಯನ್ನು ಮೊದಲು ಬೇರೆಯಾಗಿ ಕೊಳ್ಳಬೇಕಾಗಿತ್ತು. ಮೂರನೆಯದರಲ್ಲಿ ಜಾಲದ ಆಟ ಉಚಿತವಾಗಿತ್ತು. ವ್ಯವಸ್ಥೆ ಒಬ್ಬನದು, ಔದಾರ್ಯ ಇನ್ನೊಬ್ಬನದು. ಆದರೆ ೨೦೧೧ರ ಏಪ್ರಿಲಿನಲ್ಲಿ ಕಳ್ಳರು ಸೋನಿಯ ಜಾಲಕ್ಕೆ ಕನ್ನವಿಟ್ಟು, ಸುಮಾರು ೭.೭ ಕೋಟಿ ಖಾತೆಗಳ ವಿವರ ಬಯಲಾಗಿ, ಜಾಲವು ಮೂರು ವಾರಕ್ಕೂ ಮಿಕ್ಕಿ ಮುಚ್ಚಿತು. ೨೦೧೩ರಲ್ಲಿ ನಾಲ್ಕನೆಯ ಪ್ಲೇಸ್ಟೇಷನ್ ಬಂದಾಗ ಸೋನಿಯೂ ಚಂದಾ ಕೇಳಿತು. ೨೦೧೮ರ ಸೆಪ್ಟೆಂಬರಿನಲ್ಲಿ ನಿಂಟೆಂಡೊ ಅದೇ ಹಾದಿ ಹಿಡಿಯಿತು. ಪೈಪೋಟಿಯಿದ್ದಲ್ಲಿ ಗಿರಾಕಿಗೆ ಲಾಭವೆಂಬ ಮಾತು ಇಲ್ಲಿ ಸುಂಕದ ಮಟ್ಟಿಗೆ ಸುಳ್ಳಾಯಿತು.

ಗೋಡೆ ಅಲುಗಿದ್ದು ಆಟಗಾರರು ದನಿಯೆತ್ತಿದಾಗ. ಫೋರ್ಟ್‌ನೈಟ್ ಆಟದಲ್ಲಿ ಅನ್ಯಯಂತ್ರದವರೊಡನೆ ಕೂಡಿ ಆಡಗೊಡದ ಸೋನಿ, ಟೀಕೆಗಳ ಬಳಿಕ ೨೦೧೮ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು. ೨೦೨೧ರ ಜನವರಿಯಲ್ಲಿ ಚಂದಾ ಏರಿಸಹೊರಟ ಮೈಕ್ರೋಸಾಫ್ಟ್ ಪ್ರತಿಭಟನೆಗೆ ಮಣಿದು ಕೂಡಲೇ ಹಿಂದೆಗೆಯಿತು. ಉಚಿತ ಆಟಗಳಿಗೆ ಚಂದಾ ಬೇಡವೆಂದೂ ಒಪ್ಪಿತು.

ಆದರೂ ಮುಖ್ಯ ಪ್ರಶ್ನೆ ಉಳಿದೇ ಇದೆ. ಮೊದಲ ಎಕ್ಸ್‌ಬಾಕ್ಸಿನ ಜಾಲಸೇವೆ ೨೦೧೦ರ ಏಪ್ರಿಲಿನಲ್ಲಿ ನಿಂತಿತು. ನಿಂಟೆಂಡೊದ ವೀ ಯು ಮತ್ತು ೩ಡಿಎಸ್ ಯಂತ್ರಗಳ ಜಾಲದ ಆಟ ೨೦೨೪ರ ಏಪ್ರಿಲಿನಲ್ಲಿ. ತಟ್ಟೆ ಕಪಾಟಿನಲ್ಲಿದೆ, ಯಂತ್ರ ಸುಸ್ಥಿತಿಯಲ್ಲಿದೆ, ಎದುರಾಳಿ ಮಾತ್ರ ಬರಲಾರ. ಹಣ ಕೊಟ್ಟು ಕೊಂಡದ್ದು ಹೀಗೆ ನಿಷ್ಫಲವಾಗಬಾರದೆಂದು ಯುರೋಪಿನಲ್ಲಿ ೨೦೨೫ರ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ನಮ್ಮ ಸಂಸತ್ತು ಅದೇ ವರ್ಷ ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯ ಗಮನವೆಲ್ಲ ಹಣ ಒಡ್ಡಿ ಆಡುವ ಆಟಗಳ ನಿಷೇಧದ ಮೇಲೆ, ಇ-ಕ್ರೀಡೆಯ ಪ್ರೋತ್ಸಾಹದ ಮೇಲೆ. ಅದು ಅವಶ್ಯವೇ, ಆದರೆ ಕೊಂಡವನ ಹಕ್ಕೂ ಚರ್ಚೆಗೆ ಬರಬೇಕಾದುದು.

ಯಾವ ಯಂತ್ರ ಮೇಲೆಂದು ವಿದ್ಯಾರ್ಥಿಗಳು ವಾದಿಸಲಿ. ವಾದವೂ ಒಂದು ಆಟವೇ. ಅದರೊಡನೆ ಅವರು ಎರಡು ಬೇಡಿಕೆಗಳನ್ನು ಒಡೆಯರ ಮುಂದಿಡಲಿ: ಬೇರೆ ಯಂತ್ರದವನೊಡನೆ ಕೂಡಿ ಆಡಲು ತಡೆಯಿರಬಾರದು; ಜಾಲಸೇವೆಯನ್ನು ಮುಚ್ಚುವ ದಿನ ಬಂದರೆ, ಆಟವನ್ನು ನಡೆಸಿಕೊಳ್ಳುವ ಉಪಾಯವನ್ನು ಆಟಗಾರರ ಕೈಗೇ ಒಪ್ಪಿಸಿ ಹೋಗಬೇಕು.