ಎರಡೇ ಬೋಲ್ಟ್, ಐದೇ ನಿಮಿಷ ಅಂದ್ಕೊಂಡಿದ್ವಿ

ಕಳೆದ ಸೆಮಿಸ್ಟರ್‌ನಲ್ಲಿ ಗೆಳೆಯನೊಬ್ಬನ ಹಳೇ ಕಾರಿಗೆ ಮುಂದಿನ ಬ್ರೇಕ್ ಪ್ಯಾಡ್ ಬದಲಾಯಿಸೋಣ ಅಂತ ನಾವು ನಾಲ್ಕು ಜನ ಹಾಸ್ಟೆಲ್ ಹಿಂದೆ ಸೇರಿದ್ವಿ. ಪ್ಯಾಸ್ಕಲ್ ನಿಯಮ ನಾಲ್ವರಿಗೂ ಬಾಯಿಪಾಠ. ಫ್ಲೋಟಿಂಗ್ ಕ್ಯಾಲಿಪರ್ ಚಿತ್ರವನ್ನಂತೂ ಕಣ್ಣು ಮುಚ್ಚಿ ಬಿಡಿಸುತ್ತೇವೆ. ಡಿಕ್ಕಿಯಲ್ಲಿದ್ದ ಜಾಕಿ ಕೊಟ್ಟು ಕಾರೆತ್ತಿ ಚಕ್ರ ಬಿಚ್ಚಿದೆವು. ಕ್ಯಾಲಿಪರ್ ಬೋಲ್ಟ್ ತುಕ್ಕು ಹಿಡಿದು ಕೂತಿತ್ತು. ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಒಬ್ಬ ಜಗ್ಗಿದ. ಬೋಲ್ಟ್ ಅಲ್ಲಾಡಲಿಲ್ಲ, ಕಾರು ಅಲ್ಲಾಡಿತು. ಜಾಕಿ ವಾಲಿ ಡಿಸ್ಕ್ ಮಣ್ಣಿಗೆ ಕಚ್ಚಿಕೊಂಡಿತು. ಯಾರ ಕೈಯೂ ಕೆಳಗಿರಲಿಲ್ಲ, ಅಷ್ಟೇ ಪುಣ್ಯ.

ತಪ್ಪು ನಮ್ಮದೇ. ಆದರೂ ಒಂದು ತಕರಾರಿದೆ. ನಮ್ಮ ಲ್ಯಾಬ್‌ನಲ್ಲಿರುವ ಕ್ಯಾಲಿಪರ್ ಬಣ್ಣ ಬಳಿದ ಕಟ್ ಸೆಕ್ಷನ್ ಮಾಡೆಲ್. ಅದನ್ನು ಸ್ಟ್ಯಾಂಡ್‌ಗೆ ಭದ್ರವಾಗಿ ಬಿಗಿದಿದ್ದಾರೆ. ಅದು ಬೀಳಲ್ಲ, ತುಕ್ಕು ಹಿಡಿಯಲ್ಲ, ಹಾಗಾಗಿ ಕಾರಿನ ಭಾರ ಎಲ್ಲಿ ಕೂತಿದೆ ಅನ್ನೋ ಪ್ರಶ್ನೆಯೇ ನಮಗೆ ಹುಟ್ಟಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ನಿಜವಾದ ಕಾರಿನಿಂದ ಕ್ಯಾಲಿಪರ್ ಬಿಚ್ಚಿ ಮತ್ತೆ ಕೂರಿಸಬೇಕು, ಅದಕ್ಕೆ ಮಾರ್ಕ್ಸೂ ಇರಬೇಕು ಅನ್ನೋದು ನಮ್ಮ ಅಭಿಪ್ರಾಯ.

ಯೂಟ್ಯೂಬ್ ಇದೆಯಲ್ಲ ಅಂತೀರಾ? ನಾವೂ ನೋಡಿಯೇ ಹೋಗಿದ್ದು. ಬೋಲ್ಟ್ ಯಾವ ಸೈಜ್ ಅನ್ನೋದು ನೆನಪಿತ್ತು, ಉಳಿದದ್ದನ್ನು ಓಡಿಸಿಕೊಂಡು ನೋಡಿದ್ವಿ.

ಉಳಿದದ್ದೇ ಮುಖ್ಯ ಅಂತ ಆಮೇಲೆ ಗ್ಯಾರೇಜಿನ ಅಣ್ಣ ಒಬ್ಬರು ಬೈದು ಹೇಳಿಕೊಟ್ಟರು. ಸಮತಟ್ಟಾದ ಗಟ್ಟಿ ನೆಲ ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಬೇಕು. ಚಕ್ರದ ನಟ್‌ಗಳನ್ನು ಕಾರೆತ್ತುವ ಮೊದಲೇ ಸ್ವಲ್ಪ ಸಡಿಲಿಸಬೇಕು. ಜಾಕಿ ಇರೋದು ಎತ್ತೋಕೆ ಮಾತ್ರ, ಹೊತ್ತು ನಿಲ್ಲೋದು ಜಾಕ್ ಸ್ಟ್ಯಾಂಡ್ ಕೆಲಸ. ಇಟ್ಟಿಗೆ, ಹಾಲೋ ಬ್ಲಾಕ್ ನಂಬಲೇಬೇಡಿ, ಭಾರಕ್ಕೆ ಒಮ್ಮೆಲೇ ಪುಡಿಯಾಗುತ್ತವೆ. ಬಿಚ್ಚಿದ ಚಕ್ರವನ್ನು ಕಾರಿನಡಿ ಮಲಗಿಸಿಟ್ಟರೆ ಇನ್ನೊಂದು ಆಸರೆ.

ಬಿಚ್ಚಿದ ಕ್ಯಾಲಿಪರನ್ನು ಹೋಸ್ ಮೇಲೆ ನೇತುಬಿಡಬಾರದು, ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಕಟ್ಟಬೇಕು. ಹೋಸ್ ಹೊರಗೆ ಚೆನ್ನಾಗೇ ಕಂಡರೂ ಒಳಪದರ ಹರಿದಿರಬಹುದು. ಪ್ಯಾಡಿನ ದೂಳನ್ನು ಬಾಯಿಂದ ಊದಬಾರದು, ಹಳೇ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಕ್ಯಾಲಿಪರ್ ಹೊರಗಿರುವಾಗ ಯಾರೂ ಪೆಡಲ್ ಒತ್ತಬಾರದು, ಪಿಸ್ಟನ್ ಆಚೆ ಬಂದುಬಿಡುತ್ತೆ. ಗೈಡ್ ಪಿನ್‌ಗೆ ಸಿಕ್ಕ ಗ್ರೀಸ್ ಬಳಿದರೆ ರಬ್ಬರ್ ಬೂಟ್ ಉಬ್ಬುತ್ತೆ, ಬ್ರೇಕಿಗೆಂದೇ ಬರುವ ಗ್ರೀಸ್ ತನ್ನಿ. ಬೋಲ್ಟ್ ಬಿಗಿಯೋಕೆ ತೋಳುಬಲ ಸಾಲದು, ಸರ್ವಿಸ್ ಮ್ಯಾನ್ಯುಯಲ್ ನೋಡಿ ಟಾರ್ಕ್ ರೆಂಚ್ ಬಳಸಿ. ನಮಗೆ ನಿಜಕ್ಕೂ ಬೆವರು ಬಂದಿದ್ದು ಕೊನೆಯ ಮಾತಿಗೆ: ಪಿಸ್ಟನ್ ಹಿಂದಕ್ಕೆ ತಳ್ಳಿರುವುದರಿಂದ, ಎಲ್ಲ ಜೋಡಿಸಿದ ಮೇಲೆ ಪೆಡಲ್ ಮೊದಲ ಸಲ ಸೀದಾ ಕೆಳಗೆ ಹೋಗುತ್ತೆ. ಗಟ್ಟಿಯಾಗೋವರೆಗೆ ನಿಂತಲ್ಲೇ ಒತ್ತಿ ಒತ್ತಿ ಬಿಡಬೇಕು. ಅದು ತಿಳಿಯದೆ ನಾವು ನೇರ ಗೇಟಿನ ಇಳಿಜಾರಿಗೆ ಹೊರಡುತ್ತಿದ್ವಿ!

ಏನಾದ್ರೂ ಆದ್ರೆ ಹೊಣೆ ಯಾರು ಅಂತ ಡಿಪಾರ್ಟ್‌ಮೆಂಟ್ ಹೆದರೋದು ನ್ಯಾಯವೇ. ಆದರೆ ಈ ಕೆಲಸ ಹಾಸ್ಟೆಲ್ ಹಿಂದೆ, ಮಣ್ಣಿನ ಮೇಲೆ, ಯಾರ ಕಣ್ಣಿಗೂ ಬೀಳದೆ ಈಗಾಗಲೇ ನಡೀತಿದೆ. ಲ್ಯಾಬಿನ ಸಿಮೆಂಟ್ ನೆಲದ ಮೇಲೆ, ಇನ್‌ಸ್ಟ್ರಕ್ಟರ್ ಎದುರು ನಡೆಯಲಿ ಅಂತ ಕೇಳ್ತಿದ್ದೀವಿ. ನಾಲ್ಕು ಜಾಕ್ ಸ್ಟ್ಯಾಂಡ್, ಒಂದು ಟಾರ್ಕ್ ರೆಂಚ್, ಸೆಮಿಸ್ಟರ್‌ಗೆ ಎರಡು ಶನಿವಾರ ಅಂತ ಬರೆದ ಅರ್ಜಿ ಸಿದ್ಧವಾಗಿದೆ. ಎಚ್‌ಒಡಿ ಕೈಗೆ ಕೊಡೋ ಮುಂಚೆ ಸಹಿ ಹಾಕೋರು ಬನ್ನಿ, ಸಿವಿಲ್‌ನವರೂ ಬರಬಹುದು. ಕಾರು ನೀವೂ ಓಡಿಸ್ತೀರಲ್ಲ.