ಮರಳಿ ಕರೆಯುವುದಾದರೆ ಯಾವ ಕೆಲಸಕ್ಕೆ?

ಭಾರತೀಯ ವಿದೇಶಾಂಗ ಸೇವೆಯಲ್ಲಿ ಅರವತ್ತಕ್ಕೆ ನಿವೃತ್ತಿ. ಆದರೆ ಮೇಲಿನ ಹಂತ ತಲುಪಿದ ಹಲವರ ಪಾಲಿಗೆ ಸರ್ಕಾರದ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. 1978ರಲ್ಲಿ ಸೇವೆ ಮುಗಿಸಿದ್ದ ಕೆ. ಆರ್. ನಾರಾಯಣನ್ ಅವರನ್ನು 1980ರಲ್ಲಿ ರಾಯಭಾರಿಯಾಗಿ ಅಮೆರಿಕಕ್ಕೆ ಕಳಿಸಲಾಯಿತು. 1994ರಲ್ಲಿ ವಿದೇಶಾಂಗ ಕಾರ್ಯದರ್ಶಿ ಹುದ್ದೆಯಿಂದ ಇಳಿದ ಜೆ. ಎನ್. ದೀಕ್ಷಿತ್ ಹತ್ತು ವರ್ಷಗಳ ಬಳಿಕ ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು. ಎಸ್. ಜೈಶಂಕರ್ 2018ರಲ್ಲಿ ಅದೇ ಕಾರ್ಯದರ್ಶಿ ಹುದ್ದೆ ಬಿಟ್ಟು ಟಾಟಾ ಸಮೂಹ ಸೇರಿದರು. 2019ರಲ್ಲಿ ಅದೇ ಖಾತೆಯ ಸಚಿವರಾಗಿ ಬಂದರು. ವಿನಯ್ ಕ್ವಾತ್ರಾ 2024ರ ಜುಲೈನಲ್ಲಿ ಕಾರ್ಯದರ್ಶಿ ಹುದ್ದೆ ಬಿಟ್ಟ ಕೆಲವೇ ದಿನಗಳಲ್ಲಿ ಅಮೆರಿಕದ ರಾಯಭಾರಕ್ಕೆ ನೇಮಕಗೊಂಡರು.

ಇವೆಲ್ಲ ಒಂದೇ ಬಗೆಯ ಮರುನೇಮಕಗಳಲ್ಲ. ಆದ್ದರಿಂದ ಅನುಭವಿಗಳು ಬೇಕೇ ಬೇಡವೇ ಎಂಬ ಪ್ರಶ್ನೆಗಿಂತ, ಅವರು ಯಾವ ಕೆಲಸಕ್ಕೆ ಬರುತ್ತಾರೆ, ಯಾರಿಗೆ ಉತ್ತರ ಕೊಡುತ್ತಾರೆ ಎಂಬುದು ಮುಖ್ಯ.

ನಿವೃತ್ತರೇ ಆಗಬೇಕಾದ ಕೆಲಸಗಳು ಕೆಲವಿವೆ. ಇಸ್ಲಾಮಾಬಾದಿನಲ್ಲಿ ಹೈಕಮಿಷನರ್ ಆಗಿದ್ದ ಸತೀಂದರ್ ಲಾಂಬಾ ಅವರನ್ನು ಮನಮೋಹನ್ ಸಿಂಗ್ ವಿಶೇಷ ದೂತರನ್ನಾಗಿ ಮಾಡಿಕೊಂಡರು. ಕಾಶ್ಮೀರದ ವಿಚಾರವಾಗಿ ಲಾಂಬಾ ಪಾಕಿಸ್ತಾನದ ಅಂದಿನ ಅಧ್ಯಕ್ಷ ಮುಷರಫ್ ಅವರ ಆಪ್ತ ತಾರಿಕ್ ಅಜೀಜ್ ಜೊತೆ ಸುದ್ದಿಯಾಗದಂತೆ ಮಾತುಕತೆ ನಡೆಸಿದರು. ಹಾಲಿ ಅಧಿಕಾರಿಯೊಬ್ಬ ಎದುರು ಕುಳಿತರೆ ಅದು ಸರ್ಕಾರದ ಅಧಿಕೃತ ನಿಲುವಾಗಿಬಿಡುತ್ತದೆ. ನಿವೃತ್ತರು ಕುಳಿತರೆ ಎರಡೂ ಕಡೆಯವರು ಮನಸ್ಸು ಬಿಚ್ಚಿ ಮಾತಾಡಬಹುದು. ಮಾತು ಮುರಿದರೂ ಯಾರ ಮುಖಕ್ಕೂ ಮಸಿಯಿಲ್ಲ. ಆ ಯತ್ನ ಒಪ್ಪಂದವಾಗಲಿಲ್ಲ, ಆದರೆ ಅದಕ್ಕೆ ಆರಿಸಿದ ದಾರಿ ಸರಿಯಾಗಿತ್ತು. ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಶ್ಯಾಮ್ ಸರಣ್ ಕೂಡ ನಿವೃತ್ತಿಯ ಬಳಿಕ ಅಮೆರಿಕದೊಂದಿಗಿನ ಅಣು ಒಪ್ಪಂದಕ್ಕೆ, ಆಮೇಲೆ ಹವಾಮಾನ ಮಾತುಕತೆಗೆ ದೂತರಾದರು. ಇಬ್ಬರ ಕೆಲಸಕ್ಕೂ ಸ್ಪಷ್ಟ ಗುರಿಯಿತ್ತು. ಇಬ್ಬರೂ ಮತ್ತೊಬ್ಬರ ಕುರ್ಚಿಯಲ್ಲಿ ಕುಳಿತಿರಲಿಲ್ಲ.

ರಾಯಭಾರಿ ಹುದ್ದೆಯ ಮಾತು ಬೇರೆ. ನಮ್ಮ ವಿದೇಶಾಂಗ ಸೇವೆಯಲ್ಲಿರುವ ಅಧಿಕಾರಿಗಳು ಸುಮಾರು ಸಾವಿರ ಮಂದಿ, ದೇಶದ ಗಾತ್ರಕ್ಕೆ ತೀರಾ ಕಡಿಮೆ. ಆದ್ದರಿಂದ ನಿವೃತ್ತರನ್ನು ಬಳಸಿಕೊಳ್ಳೋಣ ಎಂಬ ವಾದ ಮೇಲ್ನೋಟಕ್ಕೆ ಒಪ್ಪುವಂತಿದೆ. ಆದರೆ ಜನ ಸಾಲದಿರುವುದು ಕಿರಿಯ ಮತ್ತು ಮಧ್ಯಮ ಹಂತಗಳಲ್ಲಿ. ಅದು ನೀಗಬೇಕಾದರೆ ವರ್ಷವರ್ಷದ ನೇಮಕಾತಿ ಹೆಚ್ಚಬೇಕು. ವಾಷಿಂಗ್ಟನ್ನಿಗೆ ನಿವೃತ್ತರೊಬ್ಬರು ಹೋದರೆ ಆ ಕೊರತೆ ಹಾಗೆಯೇ ಉಳಿಯುತ್ತದೆ, ಮೂವತ್ತು ವರ್ಷ ದುಡಿದು ಕಾದು ನಿಂತವರ ಸರದಿ ಮಾತ್ರ ಹಿಂದಕ್ಕೆ ಜರುಗುತ್ತದೆ.

ಇದಕ್ಕಿಂತ ದೊಡ್ಡ ಹಾನಿ ನಿವೃತ್ತಿಗೆ ಮೊದಲೇ ಆಗುತ್ತದೆ: ಮುಂದಿನ ಹುದ್ದೆಯ ಆಸೆ ಅಧಿಕಾರಿಯ ನೇರ ಮಾತನ್ನು ಕಟ್ಟಿಹಾಕುತ್ತದೆ. 1987ರ ಜನವರಿಯಲ್ಲಿ ರಾಜೀವ್ ಗಾಂಧಿ ಪತ್ರಿಕಾಗೋಷ್ಠಿಯೊಂದರಲ್ಲಿ, ಸದ್ಯದಲ್ಲೇ ಹೊಸ ವಿದೇಶಾಂಗ ಕಾರ್ಯದರ್ಶಿ ಬರುತ್ತಾರೆ ಎಂದುಬಿಟ್ಟರು. ಆಗಿನ ಕಾರ್ಯದರ್ಶಿ ಎ. ಪಿ. ವೆಂಕಟೇಶ್ವರನ್ ಅಂದೇ ರಾಜೀನಾಮೆ ಕೊಟ್ಟರು. ಅವರು ನೇರ ಮಾತಿನ ಅಧಿಕಾರಿ. ಎಲ್ಲರಿಂದಲೂ ಅಂಥ ದಿಟ್ಟತನ ನಿರೀಕ್ಷಿಸಲಾಗದು. ನಿಯಮಗಳನ್ನು ಬರೆಯಬೇಕಾದ್ದು ಸಾಮಾನ್ಯ ಮನುಷ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು. ಸಚಿವರ ಆಲೋಚನೆ ತಪ್ಪಿದ್ದರೆ ಹಾಗೆಂದು ಟಿಪ್ಪಣಿ ಬರೆಯುವುದು ಹಿರಿಯ ಅಧಿಕಾರಿಯ ಕರ್ತವ್ಯ. ಆದರೆ ಮುಂದಿನ ಹುದ್ದೆ ಅದೇ ಸಚಿವರ ಕೃಪೆಯಲ್ಲಿದೆ ಎಂದು ಗೊತ್ತಿದ್ದರೆ ಲೇಖನಿ ತಡೆಯುತ್ತದೆ. ಬರೆಯದೆ ಬಿಟ್ಟ ಟಿಪ್ಪಣಿಗಳು ಯಾವ ಕಡತದಲ್ಲೂ ಸಿಗುವುದಿಲ್ಲ. ಆದ್ದರಿಂದಲೇ ಈ ನಷ್ಟ ಲೆಕ್ಕಕ್ಕೆ ಬರುವುದಿಲ್ಲ.

ಪ್ರಧಾನಿಗೆ ತಾವು ನಂಬಿದವರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಆದರೆ ಆ ಆಯ್ಕೆ ಹತ್ತು ಜನರ ಕಣ್ಣೆದುರು ಆಗಲಿ. ಅಮೆರಿಕದಲ್ಲಿ 2014ರಲ್ಲಿ ವಿದೇಶಾಂಗ ಸೇವೆಯಿಂದ ನಿವೃತ್ತರಾದ ವಿಲಿಯಂ ಬರ್ನ್ಸ್ 2021ರಲ್ಲಿ ಸಿಐಎ ಮುಖ್ಯಸ್ಥರಾಗುವ ಮುನ್ನ ಸೆನೆಟ್ ಸಮಿತಿಯ ಪ್ರಶ್ನೆಗಳನ್ನು ಬಹಿರಂಗವಾಗಿ ಎದುರಿಸಬೇಕಾಯಿತು. ನಮ್ಮಲ್ಲಿ ಸಚಿವರಾದವರು ಸಂಸತ್ತಿನಲ್ಲಿ ಎದ್ದುನಿಂತು ಉತ್ತರಿಸುತ್ತಾರೆ. ಹಾಗಾಗಿ ರಾಜತಾಂತ್ರಿಕರು ಸಚಿವರಾಗುವುದರ ಬಗ್ಗೆ ನನಗೆ ಅಷ್ಟು ಆಕ್ಷೇಪವಿಲ್ಲ. ರಾಯಭಾರಿಗೆ, ಭದ್ರತಾ ಸಲಹೆಗಾರರಿಗೆ ಆ ಕಟ್ಟುಪಾಡಿಲ್ಲ.

ನಿವೃತ್ತ ಅಧಿಕಾರಿ ಖಾಸಗಿ ಕಂಪನಿ ಸೇರಬೇಕಾದರೆ ಒಂದು ವರ್ಷ ಕಾಯಬೇಕು, ಇಲ್ಲವೇ ಸರ್ಕಾರದ ಅನುಮತಿ ಪಡೆಯಬೇಕು. ಸರ್ಕಾರ ತಾನೇ ಕೊಡುವ ಹುದ್ದೆಗೂ ಅಂಥ ಬಿಡುವು ಕಡ್ಡಾಯವಾಗಲಿ, ವಿನಾಯಿತಿ ಕೊಟ್ಟರೆ ಕಾರಣವನ್ನು ಸಂಸತ್ತಿನ ಮುಂದಿಡಲಿ. ವಿಶೇಷ ದೂತರಿಗೆ ಕೆಲಸವೂ ಅವಧಿಯೂ ಲಿಖಿತವಾಗಿರಲಿ. ಈ ನಿಯಮ ಇದ್ದಿದ್ದರೆ ಕೆಲವು ಒಳ್ಳೆಯ ನೇಮಕಗಳೂ ತಪ್ಪುತ್ತಿದ್ದವು, ನಿಜ. 2011ರಲ್ಲಿ ಕಾರ್ಯದರ್ಶಿ ಹುದ್ದೆಯಿಂದ ನೇರವಾಗಿ ವಾಷಿಂಗ್ಟನ್ನಿಗೆ ಹೋದ ನಿರುಪಮಾ ರಾವ್ ಅವರಂಥವರೂ ವರ್ಷ ಕಾಯಬೇಕಾಗುತ್ತಿತ್ತು. ಆ ಬೆಲೆ ತೆರಬಹುದು. ಯಾಕೆಂದರೆ ಒಬ್ಬ ಅನುಭವಿ ಸಿಗದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಸಿಕ್ಕಾರು. ಬೇಡವೆನ್ನುವ ಅಧಿಕಾರಿಯೇ ಇಲ್ಲದ ಸಚಿವಾಲಯಕ್ಕೆ ಹೊರಗಿನಿಂದ ಎಷ್ಟು ಹಿರಿಯರನ್ನು ಕರೆತಂದರೂ ಪ್ರಯೋಜನವಾಗದು.